ಓದುಗರ ಪ್ರಶ್ನೆ: ಪಿಸ್ತೂಲು ಚೆನ್ನಾಗಿದೆ ಎಂದು ಹೇಳುವುದು ಯಾವುದರ ಮೇಲೆ?

ಪ್ರಶ್ನೆ: ಪಶ್ಚಿಮ ಬಂಗಾಳದ ಇಛಾಪುರ ರೈಫಲ್ ಕಾರ್ಖಾನೆಯ 9 ಎಂಎಂ 1ಎ ಪಿಸ್ತೂಲು ಬ್ರೌನಿಂಗ್ ಹೈಪವರ್‌ನದೇ ರೂಪ ಎಂದು ಓದಿದ್ದೇನೆ. ವಿನ್ಯಾಸ ಒಂದೇ ಆದಮೇಲೆ ಗುಣಮಟ್ಟವೂ ಒಂದೇ ಆಗಬೇಕಲ್ಲವೇ?
– ಓದುಗರು, ಮೈಸೂರು

ಉತ್ತರ: ಆಗಬೇಕಾಗಿಲ್ಲ. ವಿನ್ಯಾಸ ಎಂದರೆ ನಕ್ಷೆಯಲ್ಲಿರುವುದು, ಗುಣಮಟ್ಟ ಎಂದರೆ ಆ ನಕ್ಷೆ ಉಕ್ಕಿನಲ್ಲಿ ಎಷ್ಟು ನಿಷ್ಠೆಯಿಂದ ಇಳಿದಿದೆ ಎಂಬುದು. ಇವೆರಡನ್ನೂ ಬೇರೆಬೇರೆಯಾಗಿಯೇ ತೂಗಬೇಕು.

ಮೊದಲು ವಿನ್ಯಾಸ. ಹೈಪವರ್ ವಿನ್ಯಾಸವನ್ನು ಶುರುಮಾಡಿದವರು ಅಮೆರಿಕದ ಬಂದೂಕು ವಿನ್ಯಾಸಕಾರ ಜಾನ್ ಬ್ರೌನಿಂಗ್. ಅವರು 1926ರಲ್ಲಿ ತೀರಿಕೊಂಡ ಮೇಲೆ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ ಡಿಯೊಡೊನೆ ಸೈವ್ ಮುಗಿಸಿದರು, 1935ರಲ್ಲಿ ಅದು ಸೇನೆಗೆ ಬಂತು. ತೋಟಾಗಳನ್ನು ಎರಡು ಸಾಲಿನಲ್ಲಿ ಓರೆಯಾಗಿ ಜೋಡಿಸಿ 13 ತೋಟಾ ಹಿಡಿಸುವ ಮ್ಯಾಗಜೀನ್ ಮಾಡಿದರೂ ಹಿಡಿ ದಪ್ಪವಾಗದಂತೆ ನೋಡಿಕೊಂಡದ್ದು ಇದರ ದೊಡ್ಡ ಗುಣ. ಇಂದಿಗೂ ಕೈಗೆ ಇಷ್ಟು ಹೊಂದುವ ಹಿಡಿ ಅಪರೂಪ ಎಂದೇ ನಮ್ಮ ಅಭಿಪ್ರಾಯ. ಹಳೆಯ ಕೋಲ್ಟ್ 1911 ಪಿಸ್ತೂಲಿನಲ್ಲಿ, ಗುಂಡು ಹಾರಿದ ಮೇಲೆ ಸ್ಲೈಡಿನ (ಮೇಲೆ ಹಿಂದೆಮುಂದೆ ಜಾರುವ ಭಾಗ) ಲಾಕಿನಿಂದ ಬಿಡಿಸಲು ನಳಿಕೆಯನ್ನು ಕೆಳಗಿಳಿಸುವ, ಪಿನ್ ಹಾಕಿದ ಸಣ್ಣ ಕೊಂಡಿ ಇತ್ತು, ಕೊಂಡಿ ಸವೆಯುತ್ತದೆ. ಇಲ್ಲಿ ಕೊಂಡಿಯೇ ಇಲ್ಲ: ನಳಿಕೆಯ ಅಡಿಯಲ್ಲಿ ಕೊರೆದ ಓರೆ ತೋಡು ಫ್ರೇಮಿನ ಅಡ್ಡಪಟ್ಟಿಯ ಮೇಲೆ ಜಾರಿ ನಳಿಕೆಯನ್ನು ಇಳಿಸುತ್ತದೆ.

ಕುಂದುಗಳೂ ವಿನ್ಯಾಸದಲ್ಲೇ ಇವೆ. ಮ್ಯಾಗಜೀನ್ ತೆಗೆದರೆ ಗುಂಡು ಹಾರದಂತೆ ತಡೆಯುವ ತುಣುಕೊಂದು ಟ್ರಿಗರ್‌ಗೆ ಅಂಟಿಕೊಂಡಿದೆ. ಅದು ಮ್ಯಾಗಜೀನಿನ ಮುಂಬದಿಗೆ ಉಜ್ಜುವುದರಿಂದ ಟ್ರಿಗರ್ ಎಳೆತ ಒರಟಾಗುತ್ತದೆ, ಮ್ಯಾಗಜೀನೂ ತಾನಾಗಿ ಕೆಳಗೆ ಬೀಳುವುದಿಲ್ಲ. ಜೊತೆಗೆ ಟ್ರಿಗರ್‌ನ ಚಲನೆ ಸ್ಲೈಡಿನೊಳಗಿನ ಸನ್ನೆಯೊಂದನ್ನು ಸುತ್ತಿಬಳಸಿ, ಹ್ಯಾಮರನ್ನು (ಹಿಂದಿನ ಸುತ್ತಿಗೆ) ಏರಿಸಿ ಹಿಡಿಯುವ ತುಣುಕಾದ ಸಿಯರ್‌ಗೆ ಮುಟ್ಟುವುದರಿಂದ ಕೋಲ್ಟ್ 1911 ಪಿಸ್ತೂಲಿನ ಆ ಗರಿಗರಿ ಎಳೆತ ಇಲ್ಲಿ ಸಿಗುವುದು ಕಷ್ಟ. ಹಳೆಯ ಮಾದರಿಗಳ ಸೇಫ್ಟಿ ಗುಂಡಿ ತೀರಾ ಚಿಕ್ಕದು, ದೊಡ್ಡ ಕೈಯವರಿಗೆ ಹ್ಯಾಮರ್ ಹಿಂದಕ್ಕೆ ಬಂದಾಗ ಹೆಬ್ಬೆರಳ ಬುಡದ ಚರ್ಮ ಕಚ್ಚುತ್ತದೆ. ಎಷ್ಟು ಒಳ್ಳೆಯ ಕಾರ್ಖಾನೆ ಮಾಡಿದರೂ ಇವು ಹೋಗುವುದಿಲ್ಲ.

1ಎ ಬಂದದ್ದು ನೇರ ಬೆಲ್ಜಿಯಂನಿಂದಲ್ಲ, ಎರಡನೇ ಮಹಾಯುದ್ಧದ ಕಾಲದಲ್ಲಿ ಕೆನಡಾದ ಇಂಗ್ಲಿಸ್ ಕಂಪನಿ ಮಾಡಿದ ಮಾದರಿಯಿಂದ. ಹಾಗಾಗಿ ಎಫ್‌ಎನ್ ಮುಂದೆ ಮಾರ್ಕ್ 2, ಮಾರ್ಕ್ 3ರಲ್ಲಿ ತಂದ ಸುಧಾರಣೆಗಳೊಂದಿಗೆ ಇದನ್ನು ಹೋಲಿಸುವುದು ಸರಿಯಲ್ಲ. ಹಳೆಯ ನಳಿಕೆಯಲ್ಲಿ ತೋಟಾ ಏರುವ ಇಳಿಜಾರಿಗೆ ಒಂದು ಉಬ್ಬು ಇರುತ್ತದೆ. ಸೇನೆಯ ದುಂಡುಮೂತಿಯ ಗುಂಡು ಅದರ ಮೇಲೆ ಸಲೀಸಾಗಿ ಏರುತ್ತದೆ, ಮೂತಿ ಟೊಳ್ಳಾದ ಗುಂಡು ತಗಲಿ ನಿಲ್ಲಬಹುದು. ಅದನ್ನು ಕಳಪೆ ಕೆಲಸ ಎನ್ನಬಾರದು. ಆ ಕಾಲದ ಬೇಡಿಕೆಯೇ ಅಷ್ಟಿತ್ತು.

ಪ್ರಶ್ನೆ: ಹಾಗಾದರೆ ಕೈಯಲ್ಲಿ ಹಿಡಿದ ಒಂದು ಹೈಪವರ್‌ನ ಕೆಲಸಗಾರಿಕೆಯನ್ನು ಹೇಗೆ ಪರೀಕ್ಷಿಸುವುದು?
– ಶೂಟಿಂಗ್ ಆಸಕ್ತರು, ಧಾರವಾಡ

ಉತ್ತರ: ಪರವಾನಗಿ ಇರುವವರ ಎದುರು, ರೇಂಜಿನಲ್ಲಿ ಅಥವಾ ಅಂಗಡಿಯಲ್ಲಿ ಮಾತ್ರ. ಮ್ಯಾಗಜೀನ್ ಮೊದಲು ತೆಗೆಯಿರಿ, ಆಮೇಲೆ ಸ್ಲೈಡ್ ಎಳೆದು ಚೇಂಬರನ್ನು (ನಳಿಕೆಯಲ್ಲಿ ತೋಟಾ ಕೂರುವ ಹಿಂಭಾಗ) ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಈ ಕ್ರಮ ತಿರುಗಿದರೆ ಮ್ಯಾಗಜೀನಿನಿಂದ ಇನ್ನೊಂದು ತೋಟಾ ಚೇಂಬರ್ ಸೇರುತ್ತದೆ.

ಸ್ಲೈಡ್ ಮುಚ್ಚಿದಾಗ ಚೇಂಬರಿನ ಮೇಲೆ ಕಾಣುವ ನಳಿಕೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ. ಅದು ಕುಸಿದರೆ ನಳಿಕೆ ಪ್ರತಿ ಸಲ ಅದೇ ಜಾಗದಲ್ಲಿ ಕೂರುತ್ತಿಲ್ಲ, ನಿಖರತೆ ಅಲ್ಲಿಯೇ ಹೋಯಿತು. ಸ್ಲೈಡ್ ಅಲುಗಾಡುವುದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಸೇವಾ ಪಿಸ್ತೂಲಿನಲ್ಲಿ ಮಣ್ಣು, ಮಸಿ ತಡೆಯಲು ಸ್ವಲ್ಪ ಸಡಿಲ ಬೇಕೇಬೇಕು. ನಂತರ ಹ್ಯಾಮರ್ ಏರಿಸಿ, ಟ್ರಿಗರ್ ಮುಟ್ಟದೆ, ಹಿಂದಿನಿಂದ ಮುಂದಕ್ಕೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಬಿದ್ದರೆ ಸಿಯರ್ ಸವೆದಿದೆ ಅಥವಾ ಯಾರೋ ಅರ ಹಾಕಿದ್ದಾರೆ, ಆ ಪಿಸ್ತೂಲು ಬೇಡ. ಖಾಲಿ ಮ್ಯಾಗಜೀನ್ ಒಳಗಿಟ್ಟು, ಸೇಫ್ಟಿ ಹಾಕಿ ಟ್ರಿಗರ್ ಎಳೆದು ಬಿಡಿ, ಆಮೇಲೆ ಸೇಫ್ಟಿ ತೆಗೆಯಿರಿ, ಆಗಲೂ ಹ್ಯಾಮರ್ ಅಲುಗಬಾರದು. ಎಳೆತ ಪರೀಕ್ಷಿಸುವಾಗ ಖಾಲಿ ಮ್ಯಾಗಜೀನ್ ಒಳಗಿರಲಿ, ಚೇಂಬರಿನಲ್ಲಿ ಡಮ್ಮಿ ತೋಟಾ ಇರಲಿ. ಮ್ಯಾಗಜೀನ್ ಇಲ್ಲದೆ ಎಳೆದು 'ಟ್ರಿಗರ್ ಕೆಟ್ಟಿದೆ' ಎನ್ನುವವರು ಬಹಳ.

ಬಿಚ್ಚಿದಾಗ ನಳಿಕೆಯನ್ನು ಸ್ಲೈಡಿಗೆ ಲಾಕ್ ಮಾಡುವ, ನಳಿಕೆಯ ಮೇಲಿನ ಎರಡು ಕಚ್ಚುಗಳನ್ನು ನೋಡಿ. ಅಂಚು ಚೂಪಾಗಿದ್ದರೆ ಸರಿ. ಬಡಿದು ಮಡಚಿದಂತಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ಕಚ್ಚು ಪೂರ್ತಿ ಕೂರುತ್ತಿಲ್ಲ. ಸ್ಲೈಡಿನ ಒಳಮೈಯಲ್ಲಿ ಕಟರ್ ಗೀರುಗಳಿದ್ದರೆ ಚಿಂತೆಯಿಲ್ಲ. ಹಳಿ, ಕಚ್ಚು, ಸಿಯರ್‌ಗಳ ಮೇಲಿನ ಗೀರು ಮಾತ್ರ ದೋಷ. ಹೊರಗಿನ ಮಿರಿಮಿರಿ ಪಾಲಿಷ್‌ಗೆ ಮರುಳಾಗುವವರು ಇದನ್ನೇ ನೋಡುವುದಿಲ್ಲ.

ಕೊನೆಗೆ ಗುಂಡು ಹೊಡೆದೇ ನೋಡಬೇಕು. ಮ್ಯಾಗಜೀನುಗಳಿಗೆ ನಂಬರ್ ಬರೆದು ಕನಿಷ್ಠ 200 ತೋಟಾ ಹಾರಿಸಿ, ಪ್ರತಿ ತಡೆಯನ್ನೂ ಬರೆದಿಡಿ. ಒಂದೇ ನಂಬರಿನಲ್ಲಿ ತೋಟಾ ಮೂತಿ ಕೆಳಗೆ ಮಾಡಿ ಸಿಕ್ಕಿಕೊಂಡರೆ ಆ ಮ್ಯಾಗಜೀನಿನ ಸ್ಪ್ರಿಂಗೋ ತೋಟಾ ಹಿಡಿಯುವ ಮೇಲಂಚಿನ ತುಟಿಯೋ ಕೆಟ್ಟಿದೆ, ಪಿಸ್ತೂಲನ್ನು ದೂರಬೇಡಿ. ಖಾಲಿ ಕೋಶ ಸ್ಲೈಡಿನ ಬಾಯಲ್ಲಿ ನೆಟ್ಟಗೆ ನಿಂತರೆ ಅದನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್‌ನ ಹಿಡಿತ ನೋಡಿ, ಇಲ್ಲವೇ ತೋಟಾ ಶಕ್ತಿಗುಂದಿದೆ. ಸ್ಲೈಡ್ ಕೂದಲೆಳೆಯಷ್ಟು ತೆರೆದೇ ಉಳಿದರೆ ಮೊದಲು ಚೇಂಬರ್ ಒರೆಸಿ, ಆಮೇಲೆ ಸ್ಪ್ರಿಂಗ್ ಬದಲಿಸಿ.

ಪ್ರಶ್ನೆ: ನನ್ನ ಬಳಿ .32 ಪಿಸ್ತೂಲಿಗೆ ಪರವಾನಗಿ ಇದೆ. ಅದರಲ್ಲಿ ಹೀಗೆ ಲಾಕ್ ಆಗುವ ನಳಿಕೆ ಇಲ್ಲವಂತೆ. ಅದು ಅಗ್ಗದ ಕೆಲಸವೇ?
– ಓದುಗರು, ಶಿವಮೊಗ್ಗ

ಉತ್ತರ: ಅಲ್ಲ. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಕೆಯ ಒಳ ಅಳತೆ), ಸಾಮಾನ್ಯ ಪರವಾನಗಿಗೆ .32 ಸಿಗುತ್ತದೆ. ಆ ತೋಟಾದ ಒತ್ತಡ ಕಡಿಮೆ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿಯೇ ಅದನ್ನು ಹಿಡಿಯಲು ಸಾಕು. ಬ್ರೌನಿಂಗ್ ಅವರ ಎಫ್‌ಎನ್ 1910 ಪಿಸ್ತೂಲಿನಲ್ಲೂ ಹೀಗೆಯೇ, ಸ್ಪ್ರಿಂಗನ್ನು ನಳಿಕೆಯ ಸುತ್ತಲೇ ತೊಡಿಸಿದ್ದಾರೆ. ನಳಿಕೆ ಕದಲದೆ ಇರುವುದರಿಂದ ನಿಖರತೆಗೂ ಒಳ್ಳೆಯದು. ಆದರೆ ಇಲ್ಲಿ ಸ್ಲೈಡಿನ ತೂಕದ ಜೊತೆಗೆ ಸ್ಪ್ರಿಂಗೂ ಬೀಗದ ಕೆಲಸ ಮಾಡುತ್ತದೆ. ಅದು ಸೋತರೆ ಸ್ಲೈಡ್ ಪ್ರತಿ ಗುಂಡಿಗೂ ಫ್ರೇಮಿಗೆ ಬಡಿಯುತ್ತದೆ. ಆದ್ದರಿಂದ ಹಳೆಯದನ್ನು ಕೊಂಡರೆ ಮೊದಲು ಪರವಾನಗಿ ಪಡೆದ ಆರ್ಮರರ್ (ಬಂದೂಕು ದುರಸ್ತಿಗಾರ) ಕೈಯಲ್ಲಿ ಸ್ಪ್ರಿಂಗ್ ಬದಲಿಸಿ, ಆಮೇಲೆ ಹಾರಿಸಿ.