ಐದು ರಿಮೋಟ್, ಒಂದು ಕೈ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಪ್ತಾಪುರ, ಧಾರವಾಡ: ಮನಿಯಾಗ ಸ್ಯಾಮ್‌ಸಂಗ್ ಟಿವಿ, ಯಮಹಾ ರಿಸೀವರ್ (ಸ್ಪೀಕರ್‌ಗೆ ಧ್ವನಿ ಕೊಡೂ ಪೆಟ್ಟಿಗಿ), ಸೋನಿ ಬ್ಲೂ-ರೇ ಪ್ಲೇಯರ್, ಕೇಬಲ್‌ನವರ ಸೆಟ್ ಟಾಪ್ ಬಾಕ್ಸ್, ಫೈರ್ ಟಿವಿ ಸ್ಟಿಕ್ ಅದಾವ. ನಾ ಇಲ್ಲದಾಗ ಅತ್ತಿಯವರಿಗೆ ಧಾರಾವಾಹಿ ಹಚ್ಚಿಕೊಳ್ಳೂದ ಕಷ್ಟ ಆಗೇತಿ. ಕಲಿಯೂ ಸೌಲಭ್ಯ ಇರೂ ಯುನಿವರ್ಸಲ್ ರಿಮೋಟ್ ತಂದೀವ್ರಿ. ಕೋಡ್ ಹಾಕಿದ್ರ ಟಿವಿ ಒಂದ ಮಾತು ಕೇಳತೈತಿ, ಉಳಿದದ್ದು ಕೇಳವಲ್ದು.

ಉತ್ತರ: ಕೋಡಿಗೆ, ಅಂದರೆ ಆಯಾ ಕಂಪನಿಯ ಯಂತ್ರಕ್ಕೆಂದು ಯುನಿವರ್ಸಲ್ ರಿಮೋಟಿಗೆ ಹಾಕುವ ಸಂಖ್ಯೆಗೆ, ಕೈ ಹಾಕುವ ಮೊದಲು ಯಾವ ರಿಮೋಟ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಕೆಲಸ ಮಾಡುತ್ತದೆ, ಯಾವುದು ಬ್ಲೂಟೂತ್‌ನಿಂದ ಎಂದು ಬೇರ್ಪಡಿಸಿರಿ. ಮೊಬೈಲ್‌ನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ಮೂತಿ ಅದರತ್ತ ಹಿಡಿದು ಬಟನ್ ಒತ್ತಿರಿ. ಇನ್‌ಫ್ರಾರೆಡ್ ಆಗಿದ್ದರೆ ಪರದೆಯ ಮೇಲೆ ನೇರಳೆ-ಬಿಳಿ ಚುಕ್ಕಿ ಮಿನುಗುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಈ ಬೆಳಕನ್ನು ತಡೆಯುವ ಫಿಲ್ಟರ್ ಬಿಗಿಯಾಗಿರುವುದರಿಂದ ಹಲವು ಫೋನ್‌ಗಳಲ್ಲಿ ಅದು ಕಾಣುವುದಿಲ್ಲ. ಫೈರ್ ಸ್ಟಿಕ್ ರಿಮೋಟಿನ ವಾಲ್ಯೂಮ್ ಒತ್ತಿದರೆ ಚುಕ್ಕಿ ಬರಬಹುದು, ಹೋಮ್ ಒತ್ತಿದರೆ ಬರುವುದಿಲ್ಲ. ಅದರ ಬಾಣದ ಬಟನ್‌ಗಳು ಬ್ಲೂಟೂತ್‌ನವು. ಇನ್‌ಫ್ರಾರೆಡ್ ರಿಮೋಟ್ ಎಷ್ಟು ಕಲಿಸಿದರೂ ಅವನ್ನು ಕಲಿಯದು.

ಸ್ಟಿಕ್‌ಗೆ ಬೇರೆ ದಾರಿ ಇದೆ. ಟಿವಿ ಸೆಟ್ಟಿಂಗ್ಸ್‌ನಲ್ಲಿ ಎನಿನೆಟ್ ಪ್ಲಸ್ (ಎಚ್‌ಡಿಎಂಐ ತಂತಿಯಲ್ಲಿ ಆದೇಶ ದಾಟಿಸುವ ಸ್ಯಾಮ್‌ಸಂಗ್ ಸೌಲಭ್ಯ) ಚಾಲೂ ಮಾಡಿರಿ. ಸ್ಟಿಕ್ ರಿಸೀವರ್‌ಗೆ ಸಿಕ್ಕಿಸಿದ್ದರೆ ಯಮಹಾದ ಎಚ್‌ಡಿಎಂಐ ಕಂಟ್ರೋಲ್ ಕೂಡ ಚಾಲೂ ಇರಬೇಕು. ಆಗ ಟಿವಿಗೆ ಹೋದ ಬಾಣ, ಓಕೆ, ಬ್ಯಾಕ್ ಆದೇಶಗಳು ಎಚ್‌ಡಿಎಂಐ ತಂತಿಯಲ್ಲೇ ಸ್ಟಿಕ್ ಮುಟ್ಟುತ್ತವೆ. ಹೋಮ್ ಒತ್ತಿದರೆ ಮಾತ್ರ ಟಿವಿಯದೇ ಮೆನು ಬರುತ್ತದೆ, ಮಾತಾಡಿ ಹುಡುಕುವುದೂ ಆಗದು. ಆದ್ದರಿಂದ ಸ್ಟಿಕ್‌ನ ರಿಮೋಟ್ ಒಳಗೆ ಎತ್ತಿಡಬೇಡಿರಿ.

ಯಮಹಾಕ್ಕೆ ಕೋಡ್ ಪಟ್ಟಿಯಲ್ಲಿ ಹಲವು ಸಂಖ್ಯೆಗಳಿರುತ್ತವೆ. ಪವರ್ ಒತ್ತಿ ಆನ್ ಆಯಿತೆಂದು ಅಲ್ಲಿಗೇ ನಿಲ್ಲಿಸುವುದೇ ಎಲ್ಲರೂ ಮಾಡುವ ತಪ್ಪು. ವಾಲ್ಯೂಮ್, ಮ್ಯೂಟ್, ಇನ್‌ಪುಟ್ ಮೂರನ್ನೂ ಪರೀಕ್ಷಿಸಿರಿ, ಒಂದು ಕೈಕೊಟ್ಟರೂ ಮುಂದಿನ ಕೋಡಿಗೆ ಹೋಗಿರಿ. ಯಾವುದೂ ಕೂಡದಿದ್ದರೆ ರಿಸೀವರ್‌ನ ರಿಮೋಟ್ ಐಡಿ (ಯಾವ ರಿಮೋಟಿನ ಸಂಕೇತ ಕೇಳಬೇಕೆಂಬ ಗುರುತಿನ ಸಂಖ್ಯೆ) 1ರ ಬದಲು 2ಕ್ಕೆ ಹೋಗಿರಬಹುದು, ಅದನ್ನು ನೋಡಿರಿ.

ಸ್ಥಳೀಯ ಕೇಬಲ್ ಬಾಕ್ಸ್‌ಗಳು ಪಟ್ಟಿಯಲ್ಲಿ ಸಿಗುವುದು ಅಪರೂಪ. ಅಲ್ಲಿ ಕಲಿಸುವುದೇ ಸರಿ. ಎರಡೂ ರಿಮೋಟಿಗೆ ಹೊಸ ಸೆಲ್ ಹಾಕಿ, ಕಿಟಕಿಯ ಬಿಸಿಲಿನಿಂದ ದೂರ, ಮೇಜಿನ ಮೇಲೆ ಮೂತಿಗೆ ಮೂತಿ 2-3 ಸೆಂ.ಮೀ. ಅಂತರದಲ್ಲಿಡಿರಿ. ಲರ್ನ್ ಸ್ಥಿತಿಗೆ ತಂದು, ಕಲಿಯಬೇಕಾದ ಬಟನ್ ಒತ್ತಿ, ನಂತರ ಮೂಲ ರಿಮೋಟಿನ ಬಟನ್ ಒಮ್ಮೆ ಚಿಕ್ಕದಾಗಿ ಒತ್ತಿ ಬಿಡಿರಿ. ಒತ್ತಿ ಹಿಡಿದರೆ ಮರುಕಳಿಸುವ ಸಂಕೇತವೂ ಸೇರಿಕೊಂಡು, ಮುಂದೆ 105 ಒತ್ತಿದಾಗ 1105 ಬೀಳಬಹುದು. ನಾಲ್ಕು ಬಟನ್ ಕಲಿಸಿ, ಪರೀಕ್ಷಿಸಿ, ಆಮೇಲೆ ಉಳಿದದ್ದಕ್ಕೆ ಹೋಗಿರಿ.

ಇದರ ತದ್ವಿರುದ್ಧ ತೊಂದರೆಯೂ ಇದೆ: 11 ಒತ್ತಿದರೆ ಬರೀ 1 ಬೀಳುವುದು. ಫಿಲಿಪ್ಸ್ ರೂಪಿಸಿದ ಆರ್‌ಸಿ-5 ಎಂಬ ಸಂಕೇತ ಪದ್ಧತಿಯಲ್ಲಿ ಪ್ರತಿ ಒತ್ತಿಗೂ ಒಂದು ಬಿಟ್ (ಸಂಕೇತದೊಳಗಿನ 0 ಅಥವಾ 1) ಬದಲಾಗಬೇಕು. ಕಲಿತ ರಿಮೋಟ್ ಪ್ರತಿ ಸಲವೂ ಅದೇ ಬಿಟ್ ಕಳಿಸುವುದರಿಂದ ಬಾಕ್ಸ್ ಎರಡನೆಯ ಒತ್ತನ್ನು ಮೊದಲಿನದೇ ಎಂದು ಬಿಟ್ಟುಬಿಡುತ್ತದೆ. ಅಂಥ ಬಾಕ್ಸ್‌ಗೆ ಕಲಿಸಿ ಉಪಯೋಗವಿಲ್ಲ, ರಿಮೋಟ್ ತಾನೇ ಕೋಡ್‌ಗಳನ್ನು ಒಂದೊಂದಾಗಿ ಕಳಿಸಿ ನೋಡುವ ಹುಡುಕಾಟವನ್ನೇ ಪೂರ್ತಿ ಓಡಿಸಬೇಕು.

ಸೋನಿ ಪ್ಲೇಯರ್ ಹತ್ತಿರದಿಂದ ಕೇಳಿ, ಸೋಫಾದಿಂದ ಕೇಳದಿದ್ದರೆ ಕಾರಣ ಆವರ್ತನ, ಅಂದರೆ ರಿಮೋಟಿನ ಬೆಳಕು ಮಿನುಗುವ ವೇಗ, ಇರಬಹುದು. ಹೆಚ್ಚಿನವು 38 ಕಿಲೋಹರ್ಟ್ಸ್, ಸೋನಿಯದು 40. ಅಗ್ಗದ ಕೆಲವು ಕಲಿಕೆ ರಿಮೋಟ್‌ಗಳು ಎಲ್ಲವನ್ನೂ 38ರಲ್ಲೇ ಕಳಿಸುತ್ತವೆ. ಇಲ್ಲಿ ಕಲಿಸಿದ್ದಕ್ಕಿಂತ ಪಟ್ಟಿಯ ಸೋನಿ ಕೋಡೇ ವಾಸಿ.

ಬೆಟಗೇರಿ, ಗದಗ: ಒಂದ ಬಟನ್‌ಗೆ ಎಲ್ಲಾ ಚಾಲೂ ಆಗೂವಂಗ ಮ್ಯಾಕ್ರೋ ಮಾಡೀವಿ. ಕರೆಂಟ್ ಹೋಗಿ ಬಂತಂದ್ರ ಟಿವಿ ಚಾಲೂ ಆಗತೈತಿ, ಬಾಕ್ಸ್ ಬಂದ್ ಆಗತೈತಿ. ಯಾಕ್ರಿ?

ಉತ್ತರ: ಮಾಮೂಲಿ ಪವರ್ ಬಟನ್‌ಗೆ 'ಆನ್ ಮಾಡು' ಎಂಬ ಅರ್ಥವೇ ಇಲ್ಲ, 'ಈಗಿನ ಸ್ಥಿತಿ ತಿರುಗಿಸು' ಎಂದಷ್ಟೇ. ಕರೆಂಟ್ ಬಂದಾಗ ಬಹಳ ಬಾಕ್ಸ್‌ಗಳು ತಾವೇ ಚಾಲೂ ಆಗುತ್ತವೆ, ಟಿವಿ ಸ್ಟ್ಯಾಂಡ್‌ಬೈನಲ್ಲೇ ಉಳಿಯುತ್ತದೆ. ಆಗ ಮ್ಯಾಕ್ರೋ ಒಂದನ್ನು ಎಬ್ಬಿಸಿ ಇನ್ನೊಂದನ್ನು ಮಲಗಿಸುತ್ತದೆ.

ಬಾಕ್ಸನ್ನು ಮ್ಯಾಕ್ರೋದಿಂದ ತೆಗೆದು ಸದಾ ಚಾಲೂ ಬಿಡಿರಿ. ಟಿವಿಗೆ ಆನ್‌ಗೊಂದು, ಆಫ್‌ಗೊಂದು ಪ್ರತ್ಯೇಕ ಕೋಡ್ ಇದ್ದರೆ ಅದನ್ನೇ ಹಾಕಿರಿ. ಇಂಥ ಕೋಡ್‌ಗೆ ಮೂಲ ರಿಮೋಟಿನಲ್ಲಿ ಬಟನ್ ಇರದಿದ್ದರೂ ಟಿವಿ ಅದನ್ನು ಒಪ್ಪುವುದುಂಟು. ಯಮಹಾ ರಿಸೀವರ್ ಇದ್ದವರು ಪವರ್ ಬದಲು ಸೀನ್ ಬಟನ್ ಕಲಿಸಲಿ: ಸ್ಟ್ಯಾಂಡ್‌ಬೈನಲ್ಲಿದ್ದರೆ ಎಬ್ಬಿಸಿ, ಬೇಕಾದ ಇನ್‌ಪುಟ್ಟಿಗೂ ತಾನೇ ಹೋಗುತ್ತದೆ. ಟಿವಿಯ ಸೋರ್ಸ್ ಬಟನ್‌ಗೂ ಇದೇ ಮಾತು. ಒತ್ತಿದಂತೆ ಇನ್‌ಪುಟ್‌ಗಳನ್ನು ಒಂದೊಂದಾಗಿ ಸುತ್ತುವ ಬಟನ್ ಬೇಡ, ನೇರ ಎಚ್‌ಡಿಎಂಐ 1 ಕೋಡ್ ಬೇಕು.

ಟಿವಿ ಆನ್ ಆದೇಶಕ್ಕೂ ಇನ್‌ಪುಟ್ ಆದೇಶಕ್ಕೂ ನಡುವೆ ಬಿಡುವು ಕೊಡಿರಿ. ಚಿತ್ರ ಬರಲು ನಿಮ್ಮ ಟಿವಿ ಎಷ್ಟು ಸೆಕೆಂಡ್ ತೆಗೆದುಕೊಳ್ಳುತ್ತದೆಂದು ಗಡಿಯಾರ ನೋಡಿ ಅಳೆದು, ಅದಕ್ಕೆ ಎರಡು ಸೇರಿಸಿರಿ. ಮ್ಯಾಕ್ರೋ ಮುಗಿಯುವವರೆಗೆ ರಿಮೋಟ್ ಟಿವಿ ಕಡೆಗೇ ಇರಲಿ. ಅರ್ಧಕ್ಕೆ ಕೈ ಇಳಿಸಿದರೆ ಕೊನೆಯ ಆದೇಶಗಳು ನೆಲಕ್ಕೆ ಹೋಗುತ್ತವೆ.

ರಾಣೆಬೆನ್ನೂರು: ರಿಸೀವರ್ ಶೋಕೇಸಿನೊಳಗ ಐತಿ, ಕಟ್ಟಿಗಿ ಬಾಗಲಾ. ತೆರದಿಟ್ರಷ್ಟ ರಿಮೋಟ್ ನಡೀತೈತಿ.

ಉತ್ತರ: ಅಂಗಡಿಯಲ್ಲಿ ಐಆರ್ (ಇನ್‌ಫ್ರಾರೆಡ್) ರಿಪೀಟರ್ ಕೇಳಿರಿ, ಹೊರಗಿನ ರಿಮೋಟ್ ಸಂಕೇತವನ್ನು ಅದು ತಂತಿಯಲ್ಲಿ ಒಳಗೆ ಮುಟ್ಟಿಸುತ್ತದೆ. ಅದರ ಕಣ್ಣು ಹೊರಗೆ ಟಿವಿ ಕೆಳಗೆ, ಸಂಕೇತ ಬೀರುವ ಎಮಿಟರ್ ತುದಿ ಒಳಗೆ ರಿಸೀವರ್‌ನ ಗಾಜಿಗೆ ಅಂಟಬೇಕು. ಗಾಜಿನ ಹಿಂದೆ ಸಂವೇದಕ ಎಲ್ಲಿದೆ ಎಂದು ಟಾರ್ಚ್ ಹಾಕಿ ಗುರುತಿಸಿರಿ, ಪಕ್ಕದಲ್ಲಿ ಅಂಟಿದರೆ ಕೆಲಸ ಮಾಡದೇ ಇರಬಹುದು. ಮುಚ್ಚಿದ ಶೋಕೇಸಿನಲ್ಲಿ ರಿಸೀವರ್ ಬಲು ಬಿಸಿಯಾಗುತ್ತದೆ. ಹಿಂದಿನ ಹಲಗೆಗೆ ಗಾಳಿಯ ಕಿಂಡಿ ಕೊರೆಸಿರಿ.

ವಿದ್ಯಾನಗರ, ಹುಬ್ಬಳ್ಳಿ: ಸೆಲ್ ಬದಲಿಸಿದ್ರ ಹಾಕಿದ ಕೋಡ್ ಎಲ್ಲಾ ಅಳಿಸಿ ಹೋಗತಾವ.

ಉತ್ತರ: ಆ ರಿಮೋಟಿನ ನೆನಪು ಸೆಲ್ ಮೇಲೇ ನಿಂತಿದೆ. ಹೊಸ ಸೆಲ್ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು, ಬಟನ್ ಮುಟ್ಟದೆ ಬೇಗ ಬದಲಿಸಿರಿ. ರೀಚಾರ್ಜ್ ಸೆಲ್ ಬೇಡ: ಎರಡು ಸೇರಿ 2.4 ವೋಲ್ಟ್, ಆಲ್ಕಲೈನ್ ಆದರೆ 3. ಕೋಡ್ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಸೆಲ್ ಮುಚ್ಚಳದ ಒಳಮೈಗೆ ಅಂಟಿಸಿರಿ.