ಸೋರಿಯಾಗೆ ಇಬ್ಬರು ಎಂಪಿ, ನಮ್ಮ ಜಿಲ್ಲೆಗೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಸ್ಪೇನ್ ದೇಶದ ಸೋರಿಯಾ ಅನ್ನೋ ಪ್ರಾಂತ್ಯದ ಎಲೆಕ್ಷನ್ ರಿಸಲ್ಟ್ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಹಾಕಿದ್ವಿ. ಅಲ್ಲಿ ಇಡೀ ಪ್ರಾಂತ್ಯನೇ ಒಂದು ಕ್ಷೇತ್ರ, ಅದಕ್ಕೆ ಎರಡು ಸೀಟು, 2023ರ ಜುಲೈ 23ರ ಪಾರ್ಲಿಮೆಂಟ್ ಚುನಾವಣೇಲಿ ಒಂದು ಸೀಟು ಪೀಪಲ್ಸ್ ಪಾರ್ಟಿಗೆ ಅಂದ್ರೆ ಪಿಪಿಗೆ, ಇನ್ನೊಂದು ಸೋಷಿಯಲಿಸ್ಟರಿಗೆ ಹೋಯ್ತು ಅಂತ ಬರೆದಿದ್ದೆ ಅಷ್ಟೇ. ಅದಕ್ಕೆ ಇಷ್ಟು ಪತ್ರ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ, ಹೆಚ್ಚಿನವು ನಮ್ಮ ಚಿಕ್ಕಮಗಳೂರು, ಹಾಸನ ಎರಡು ಜಿಲ್ಲೆಯಿಂದಲೇ, ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಇಟ್ಟಿದೀನಿ.

ಪ್ರಶ್ನೆ (ಕಡೂರು): ಸರ್, ಒಂದು ಲಕ್ಷ ಜನಾನೂ ಇಲ್ಲದ ಸೋರಿಯಾಗೆ ತನ್ನದೇ ಇಬ್ಬರು ಎಂಪಿ. ನಾವು ಚಿಕ್ಕಮಗಳೂರು ಜಿಲ್ಲೆಯವರು, ಓಟು ಹಾಕೋದು ಹಾಸನದ ಎಂಪಿಗೆ. ಇದ್ಯಾವ ನ್ಯಾಯ?

ಉತ್ತರ: ನಿಮ್ಮ ಬೇಜಾರು ಅರ್ಥ ಆಗುತ್ತೆ. 2008ರಿಂದ ಜಾರಿಗೆ ಬಂದ ಕ್ಷೇತ್ರ ಮರುವಿಂಗಡಣೇಲಿ ಕಡೂರು ಹಾಸನ ಲೋಕಸಭೆಗೆ ಹೋಯ್ತು, ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆ ನಾಲ್ಕೂ ಘಟ್ಟದ ಕೆಳಗಿನ ಕುಂದಾಪುರ, ಉಡುಪಿ, ಕಾಪು, ಕಾರ್ಕಳದ ಜೊತೆ ಸೇರಿದ್ವು. 2011ರ ಜನಗಣತಿ ಪ್ರಕಾರ 11 ಲಕ್ಷದ 37 ಸಾವಿರ ಚಿಲ್ಲರೆ ಜನ ಇರೋ ಜಿಲ್ಲೆ, ಆದ್ರೆ ಇದು ನಮ್ಮ ಜಿಲ್ಲೆಯ ಎಂಪಿ ಸೀಟು ಅಂತ ಹೇಳ್ಕೊಳ್ಳೋಕೆ ಒಂದೂ ಇಲ್ಲ. ಕಾಫಿ ತೋಟದವನ ಕಷ್ಟಾನೂ ಮೀನುಗಾರರ ಕಷ್ಟಾನೂ ಒಬ್ಬರೇ ದೆಹಲಿಲಿ ಹೇಳಬೇಕು. ಕಾರಣ ಇಷ್ಟೇ, ನಮ್ಮಲ್ಲಿ ಕ್ಷೇತ್ರ ಮಾಡೋವಾಗ ಮೊದಲು ನೋಡೋದು ತಲೆ ಎಣಿಕೆ, ರಾಜ್ಯಕ್ಕೆ 28 ಲೋಕಸಭಾ ಸೀಟು, ಜಿಲ್ಲೆಗಳು ಅದಕ್ಕಿಂತ ಜಾಸ್ತಿ, ಒಂದಕ್ಕೊಂದು ಹೊಂದೋದೇ ಇಲ್ಲ.

ಸ್ಪೇನ್‌ನವರು ಉಲ್ಟಾ ಮಾಡಿದಾರೆ. 1978ರ ಅವರ ಸಂವಿಧಾನದಲ್ಲೇ ಪ್ರಾಂತ್ಯನೇ ಕ್ಷೇತ್ರ ಅಂತ ಬರೆದುಬಿಟ್ಟಿದಾರೆ, ಗಡಿ ಮುಟ್ಟೋ ಹಾಗಿಲ್ಲ, ಜನ ಹೆಚ್ಚುಕಮ್ಮಿ ಆದ್ರೆ ಸೀಟಿನ ಸಂಖ್ಯೆ ಮಾತ್ರ ಬದಲಾಗುತ್ತೆ. ಕೆಳಮನೇಲಿ ಒಟ್ಟು 350 ಸೀಟು. 50 ಪ್ರಾಂತ್ಯಕ್ಕೆ ತಲಾ ಎರಡು ಗ್ಯಾರಂಟಿ, ಆಫ್ರಿಕಾ ದಡದಲ್ಲಿರೋ ಸ್ಯೂಟಾ, ಮೆಲಿಯಾ ಅನ್ನೋ ಎರಡು ಊರಿಗೆ ಒಂದೊಂದು, ಉಳಿದ 248ನ್ನ ಜನಸಂಖ್ಯೆ ನೋಡಿ ಹಂಚ್ತಾರೆ. ಮ್ಯಾಡ್ರಿಡ್‌ಗೆ 37 ಬಂದಿದೆ, ಬಾರ್ಸಿಲೋನಾಗೆ 32.

ಆದ್ರೆ ಇದಕ್ಕೂ ಬೆಲೆ ಇದೆ ನೋಡಿ. ಸೋರಿಯಾದಲ್ಲಿ ಸುಮಾರು 45 ಸಾವಿರ ಜನಕ್ಕೆ ಒಬ್ಬ ಎಂಪಿ, ಮ್ಯಾಡ್ರಿಡ್‌ನಲ್ಲಿ 1 ಲಕ್ಷದ 80 ಸಾವಿರ ದಾಟುತ್ತೆ. ಅಂದ್ರೆ ಹಳ್ಳಿ ಕಡೆಯವನ ಓಟಿಗೆ ರಾಜಧಾನಿಯವನ ಓಟಿಗಿಂತ ನಾಲ್ಕು ಪಟ್ಟು ತೂಕ. ನಾನು ಮಲೆನಾಡಿನ ಪರ ಇರೋನೇ, ಆದ್ರೂ ನಾಲ್ಕು ಪಟ್ಟು ಜಾಸ್ತಿ ಆಯ್ತು ಅಂತ ನನಗನ್ಸುತ್ತೆ, ಬೆಂಗಳೂರಿನ ಕೂಲಿ ಕಾರ್ಮಿಕನ ಓಟು ನಿಮ್ಮ ಓಟಿನ ಕಾಲು ಭಾಗ ಅಂದ್ರೆ ನೀವೂ ಒಪ್ಪಲ್ಲ.

ಪ್ರಶ್ನೆ (ಬೇಲೂರು, ಬಿಎ ವಿದ್ಯಾರ್ಥಿನಿ): ಸರ್, ಸ್ಪೇನ್‌ನಲ್ಲಿ ಓಟಿನ ಅನುಪಾತಕ್ಕೆ ಸೀಟು ಕೊಡ್ತಾರೆ ಅಂತ ಓದಿದೀನಿ, ಆದ್ರೆ ಲೆಕ್ಕ ಹೇಗೆ ಹಾಕ್ತಾರೆ ಅಂತ ತಿಳೀಲಿಲ್ಲ. ನಮ್ಮ ಕಡೆ ಉದಾಹರಣೆ ಕೊಟ್ಟು ಹೇಳಿ ಪ್ಲೀಸ್.

ಉತ್ತರ: ಒಳ್ಳೆ ಪ್ರಶ್ನೆ ತಾಯಿ, ಪೆನ್ನು ಪೇಪರ್ ತಗೋ. ಈ ಲೆಕ್ಕ ಬೆಲ್ಜಿಯಂನ ವಿಕ್ಟರ್ ಡಿ ಹಾಂಟ್ ಅನ್ನೋ ಕಾನೂನು ಪಂಡಿತರು 1878ರಲ್ಲಿ ಹೇಳಿದ್ದು. ಚಿಕ್ಕಮಗಳೂರು ಜಿಲ್ಲೇಲಿ ಐದು ವಿಧಾನಸಭಾ ಸೀಟಿದೆ ಅಲ್ವಾ, ಅದನ್ನೆಲ್ಲ ಸೇರಿಸಿ ಒಂದೇ ಕ್ಷೇತ್ರ, ಐದು ಸೀಟು ಅಂತ ಇಟ್ಕೋ. ಈಗ ಹೇಳೋ ಓಟುಗಳು ಲೆಕ್ಕಕ್ಕೋಸ್ಕರ ನಾನೇ ಊಹೆ ಮಾಡಿದ್ದು, ನಿಜವಾದ ರಿಸಲ್ಟ್ ಅಲ್ಲ. ಮೊದಲನೇ ಪಾರ್ಟಿಗೆ 3,20,000, ಎರಡನೇದಕ್ಕೆ 2,80,000, ಮೂರನೇದಕ್ಕೆ 1,20,000.

ಪ್ರತಿ ಪಾರ್ಟಿ ಓಟನ್ನ 1ರಿಂದ, 2ರಿಂದ, 3ರಿಂದ ಹೀಗೆ ಭಾಗಿಸ್ತಾ ಹೋಗೋದು. ಮೊದಲನೇ ಪಾರ್ಟಿಗೆ 3,20,000, 1,60,000, 1,06,666 ಬರುತ್ತೆ. ಎರಡನೇದಕ್ಕೆ 2,80,000, 1,40,000, 93,333. ಮೂರನೇದಕ್ಕೆ 1,20,000, 60,000. ಈಗ ಎಲ್ಲಾ ಸಂಖ್ಯೆ ಒಟ್ಟಿಗಿಟ್ಟು ದೊಡ್ಡದಾದ ಐದನ್ನ ಆರಿಸು: 3,20,000, 2,80,000, 1,60,000, 1,40,000, 1,20,000. ಯಾರ ಸಂಖ್ಯೆ ಬಂತೋ ಅವರಿಗೆ ಸೀಟು, ಅಲ್ಲಿಗೆ ಎರಡು, ಎರಡು, ಒಂದು. ಆರು ಜನರಲ್ಲಿ ಒಬ್ಬರು ಓಟು ಹಾಕಿದ ಮೂರನೇ ಪಾರ್ಟಿಗೂ ಒಬ್ಬ ಎಮ್ಮೆಲ್ಲೆ ಸಿಕ್ಕ.

ಈಗ ಇದೇ ಓಟಿಟ್ಕೊಂಡು ಸೀಟು ಕಮ್ಮಿ ಮಾಡ್ತಾ ಬಾ. ನಾಲ್ಕೇ ಸೀಟಿದ್ರೆ ಎರಡು-ಎರಡು, ಮೂರನೇ ಪಾರ್ಟಿ ಔಟ್. ಮೂರಿದ್ರೆ ಎರಡು-ಒಂದು. ಎರಡೇ ಇದ್ರೆ ಒಂದು-ಒಂದು, ಸೋರಿಯಾದಲ್ಲಿ ಆಗಿದ್ದು ಇದೇ. ಅಲ್ಲಿ ಎರಡೂ ಸೀಟು ಒಂದೇ ಪಾರ್ಟಿ ಹೊಡಿಬೇಕಂದ್ರೆ ಎರಡನೇ ಪಾರ್ಟಿಯ ಎರಡರಷ್ಟಕ್ಕಿಂತ ಜಾಸ್ತಿ ಓಟು ಬರಬೇಕು. ಮೂರನೇಯವರು ಎಷ್ಟೇ ಬಡಿದಾಡಿದ್ರೂ ಮೊದಲೆರಡರಲ್ಲಿ ಒಂದನ್ನ ಹಿಂದೆ ಹಾಕದೆ ಏನೂ ಸಿಗಲ್ಲ. ಕಾನೂನಲ್ಲಿ ಪ್ರಾಂತ್ಯದ ಓಟಲ್ಲಿ 3 ಪರ್ಸೆಂಟ್ ಬಂದ್ರೆ ಸಾಕು ಸೀಟಿನ ಲೆಕ್ಕಕ್ಕೆ ಸೇರ್ತಾರೆ ಅಂತಿದೆ, ಆದ್ರೆ ಆ ನಿಯಮ ಏನಾದ್ರೂ ಕೆಲಸ ಮಾಡೋದು ಮ್ಯಾಡ್ರಿಡ್, ಬಾರ್ಸಿಲೋನಾದಂಥ ದೊಡ್ಡ ಕ್ಷೇತ್ರದಲ್ಲಿ ಮಾತ್ರ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ತಿಳ್ಕೊಬೇಕಾದ ಮುಖ್ಯ ಸಂಗತಿ ಇದೇ, ಅನುಪಾತ ಪದ್ಧತಿ ಅಂತ ಹೆಸರಿಟ್ರೆ ಸಾಲದು, ಒಂದು ಕ್ಷೇತ್ರಕ್ಕೆ ಎಷ್ಟು ಸೀಟು ಅನ್ನೋದೇ ಎಲ್ಲ ನಿರ್ಧಾರ ಮಾಡುತ್ತೆ. ಅಲ್ಲಿನ ಪ್ರಾಣಿದಯೆ ಪಾರ್ಟಿ ಒಂದಕ್ಕೆ 2019ರ ಏಪ್ರಿಲ್‌ನಲ್ಲಿ ದೇಶಾದ್ಯಂತ 3 ಲಕ್ಷಕ್ಕೂ ಮೇಲೆ ಓಟು ಬಂದು ಒಂದೇ ಒಂದು ಸೀಟೂ ಸಿಗಲಿಲ್ಲ, ಯಾಕಂದ್ರೆ ಆ ಓಟು 50 ಪ್ರಾಂತ್ಯದಲ್ಲಿ ಚದುರಿ ಹೋಗಿತ್ತು.

ಪ್ರಶ್ನೆ (ಮೂಡಿಗೆರೆ): ನಮ್ಮ ಕಡೆ ಕಾಡಾನೆ ಸಮಸ್ಯೆ ಯಾವ ಪಾರ್ಟಿಗೂ ಬೇಕಾಗಿಲ್ಲ. ಅಲ್ಲಿನ ಪದ್ಧತಿ ಇದ್ದಿದ್ರೆ ನಮ್ಮಂಥವರದ್ದೂ ಒಂದು ಧ್ವನಿ ಇರ್ತಿತ್ತಾ ಸರ್?

ಉತ್ತರ: ಇರೋಕೆ ಸಾಧ್ಯ ಇತ್ತು ಸರ್, ಇದಕ್ಕೆ ಅಲ್ಲಿ ನಡೆದಿದ್ದನ್ನೇ ಹೇಳ್ತೀನಿ. ತೆರುವೆಲ್ ಅಂತ ಇನ್ನೊಂದು ಪ್ರಾಂತ್ಯ, ಸೋರಿಯಾ ಥರಾನೇ ಗುಡ್ಡಗಾಡು, ಹುಡುಗರೆಲ್ಲ ಪಟ್ಟಣಕ್ಕೆ ಹೋಗಿ ಊರು ಖಾಲಿ, ಮೂರು ಸೀಟು. ಅಲ್ಲಿನ ಜನ 1999ರಲ್ಲಿ 'ತೆರುವೆಲ್ ಇದೆ' ಅಂತ ಒಂದು ಹೋರಾಟ ಸಮಿತಿ ಕಟ್ಟಿದ್ರು, ರೈಲು ಕೊಡಿ, ರೋಡು ಕೊಡಿ, ಆಸ್ಪತ್ರೆ ಕೊಡಿ ಅಂತ ಇಪ್ಪತ್ತು ವರ್ಷ ಕೇಳಿ ಕೇಳಿ ಸಾಕಾಗಿ ಕೊನೆಗೆ 2019ರ ನವೆಂಬರ್ ಚುನಾವಣೆಗೆ ತಾವೇ ನಿಂತ್ರು. ಪ್ರಾಂತ್ಯದಲ್ಲಿ ಎಲ್ಲರಿಗಿಂತ ಹೆಚ್ಚು ಓಟು ಅವರಿಗೇ, ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಒಂದು ಸೀಟು ಅವರಿಗೆ, ಒಂದು ಸೋಷಿಯಲಿಸ್ಟರಿಗೆ, ಒಂದು ಪಿಪಿಗೆ. ಟೊಮಾಸ್ ಗಿತಾರ್ತೆ ಅನ್ನೋರು ಎಂಪಿ ಆದ್ರು. 2020ರ ಜನವರಿ 7ಕ್ಕೆ ಪೆದ್ರೊ ಸಾಂಚೆಸ್ ಪ್ರಧಾನಿ ಆಗೋಕೆ ಸದನದಲ್ಲಿ ಓಟು ಹಾಕಿದಾಗ 167 ಪರ, 165 ವಿರೋಧ, ಆ 167ರಲ್ಲಿ ಇವರದ್ದೂ ಒಂದು. ಖಾಲಿಯಾಗ್ತಿದ್ದ ಒಂದು ಪ್ರಾಂತ್ಯದ ಕಷ್ಟ ಆವತ್ತು ಇಡೀ ದೇಶದ ಕಿವಿಗೆ ಬಿತ್ತು. 2023ರಲ್ಲಿ ಆ ಸೀಟು ಕಳ್ಕೊಂಡ್ರು, ಮೂರೇ ಸೀಟಿನ ಕ್ಷೇತ್ರದಲ್ಲಿ ಸ್ವಲ್ಪ ಓಟು ಜಾರಿದ್ರೂ ಕತೆ ಮುಗೀತು.

ಸೋರಿಯಾದಲ್ಲೂ ಅಂಥದ್ದೇ ಒಂದು ಪಾರ್ಟಿ ಇದೆ, 'ಸೋರಿಯಾ ಯಾ' ಅಂತ. 2022ರ ಫೆಬ್ರವರಿಲಿ ಅವರ ರಾಜ್ಯದ ಅಸೆಂಬ್ಲಿಗೆ ಎಲೆಕ್ಷನ್ ಆದಾಗ ಸೋರಿಯಾಗೆ ಐದು ಸೀಟಿತ್ತು, ಅದರಲ್ಲಿ ಮೂರು ಇವರೇ ಗೆದ್ರು. ಮಾರನೇ ವರ್ಷ ಪಾರ್ಲಿಮೆಂಟಿಗೆ ಅದೇ ಪ್ರಾಂತ್ಯದಲ್ಲಿ ನಿಂತ್ರೆ ಸೊನ್ನೆ. ಓಟೂ ಇಳೀತು ನಿಜ, ಆದ್ರೆ ಐದು ಸೀಟಿದ್ದಿದ್ರೆ ಬರಿಗೈಲಿ ವಾಪಸ್ ಹೋಗ್ತಿರಲಿಲ್ಲ.

ನಮ್ಮಲ್ಲಿ ನೋಡಿ, ಆನೆ ಕಾಟ ಇರೋದು ಮೂಡಿಗೆರೆ, ಬೇಲೂರು, ಸಕಲೇಶಪುರ, ಆಲೂರು ಕಡೆ. ಪ್ರತಿ ಕ್ಷೇತ್ರದಲ್ಲೂ ಅದನ್ನೇ ಮುಂದಿಟ್ಟು ನಿಲ್ಲೋನಿಗೆ ಒಂದಷ್ಟು ಸಾವಿರ ಓಟು ಬರಬಹುದು, ಠೇವಣಿ ಉಳಿಯೋದೇ ಕಷ್ಟ. 'ಗೆಲ್ಲಲ್ಲ ಬಿಡಪ್ಪ, ಓಟು ವೇಸ್ಟು' ಅಂತ ಮನೆಯವರೂ ಹಾಕಲ್ಲ. ಅದೇ ಇಡೀ ಜಿಲ್ಲೆ ಒಂದು ಕ್ಷೇತ್ರ, ಐದೋ ಏಳೋ ಸೀಟು ಅಂದ್ರೆ ಆ ಚದುರಿದ ಓಟೆಲ್ಲ ಒಂದು ಕಡೆ ಕೂಡುತ್ತೆ. ಬೆಳೆ ಹೋದವರ, ಆನೆ ತುಳಿದು ಜೀವ ಹೋದವರ ಮನೆಯ ನೋವು ವಿಧಾನಸಭೆಯಲ್ಲಿ ಹೇಳೋಕೆ ಒಬ್ಬರಾದ್ರೂ ಇರಬೇಕು ಅನ್ನೋದು ನನಗೆ ಬಹಳ ಮುಖ್ಯವಾದ ಮಾತು.

2023ರ ವಿಧಾನಸಭಾ ಚುನಾವಣೇಲಿ ನಿಮ್ಮ ಮೂಡಿಗೆರೆಯಲ್ಲಿ ಘೋಷಣೆ ಆದ ಅಂತರ 722 ಓಟು, ಶೃಂಗೇರಿಯಲ್ಲಿ 201, ಚಿಕ್ಕಮಗಳೂರಲ್ಲಿ 5,926. ಜಿಲ್ಲೆಯ ಐದೂ ಸೀಟು ಕಾಂಗ್ರೆಸ್‌ಗೆ ಅಂತ ರಿಸಲ್ಟ್ ಬಂತು. ಅದಕ್ಕೆ ಹಿಂದಿನ ಸಲ 2018ರಲ್ಲಿ ಐದರಲ್ಲಿ ನಾಲ್ಕು ಬಿಜೆಪಿಗೆ. ಜನ ಅಷ್ಟು ಪೂರ್ತಿ ಮನಸ್ಸು ಬದಲಾಯಿಸಿದ್ರಾ? ಇಲ್ಲ, ಸ್ವಲ್ಪ ಓಟು ಆ ಕಡೆಯಿಂದ ಈ ಕಡೆ ಬಂತು, ಸೀಟು ಮಾತ್ರ ಪೂರ್ತಿ ಮಗುಚಿಕೊಳ್ತು. ಯಾವ ಪಾರ್ಟಿ ಗೆದ್ರೂ ಸೋತ್ರೂ ನಾನು ಇದನ್ನೇ ಹೇಳೋದು, ಅಷ್ಟು ಹತ್ತಿರದ ಪೈಪೋಟಿ ಇರೋ ಜಿಲ್ಲೇಲಿ ಸೋತ ಕಡೆಯ ಲಕ್ಷಾಂತರ ಜನಕ್ಕೆ ಒಬ್ಬ ಎಮ್ಮೆಲ್ಲೆನೂ ಇಲ್ಲ ಅನ್ನೋದು ಸರಿಯಲ್ಲ.

ಪ್ರಶ್ನೆ (ಹಾಸನ): ಅಲ್ಲಿನ ಥರ ಒಬ್ಬ ಕ್ಯಾಂಡಿಡೇಟಿಗಲ್ಲ, ಪಾರ್ಟಿ ಲಿಸ್ಟ್ ನೋಡಿ ಓಟು ಹಾಕೋದಾದ್ರೆ ಚರಂಡಿ ಕಟ್ಟಿಕೊಂಡ್ರೆ, ಪಿಂಚಣಿ ನಿಂತ್ರೆ ಯಾರ ಮನೆ ಮುಂದೆ ಹೋಗಿ ನಿಲ್ಲೋದು? ನಮ್ಮ ಪದ್ಧತಿನೇ ವಾಸಿ ಅಲ್ವಾ?

ಉತ್ತರ: ಇದು ಈ ಪದ್ಧತಿಯ ನಿಜವಾದ ಕೊರತೆ, ಇದನ್ನ ಮುಚ್ಚಿಡಲ್ಲ. ಸ್ಪೇನ್‌ನಲ್ಲಿ ಮತಗಟ್ಟೆಗೆ ಹೋದ್ರೆ ಪ್ರತಿ ಪಾರ್ಟಿಗೂ ಬೇರೆ ಬೇರೆ ಚೀಟಿ ಇಟ್ಟಿರ್ತಾರೆ, ಅದರಲ್ಲಿ ಆ ಪಾರ್ಟಿ ಕ್ಯಾಂಡಿಡೇಟುಗಳ ಹೆಸರು ಸಾಲಾಗಿ ಇರುತ್ತೆ, ನಿಮಗೆ ಬೇಕಾದ ಚೀಟಿ ಕವರಲ್ಲಿ ಹಾಕಿ ಪೆಟ್ಟಿಗೆಗೆ ಬಿಡೋದು. ಸಾಲು ಬದಲಾಯಿಸೋ ಹಾಗಿಲ್ಲ, ಒಬ್ಬರ ಹೆಸರು ಹೊಡೆದು ಹಾಕೋ ಹಾಗಿಲ್ಲ. ಪಾರ್ಟಿಗೆ ಎರಡು ಸೀಟು ಬಂದ್ರೆ ಮೇಲಿನ ಇಬ್ಬರು ಗೆದ್ರು. ಹಾಗಾಗಿ ಎಂಪಿ ಆಗಬೇಕಂದ್ರೆ ಜನರ ಹತ್ತಿರ ಹೋಗೋದಕ್ಕಿಂತ ಲಿಸ್ಟ್ ಬರೆಯೋರ ಹತ್ತಿರ ಚೆನ್ನಾಗಿರೋದು ಮುಖ್ಯ ಆಗಿಬಿಡುತ್ತೆ. ಬಿ ಫಾರಂಗೋಸ್ಕರ ಬೆಂಗಳೂರಲ್ಲಿ ಕಾಯೋ ನಮ್ಮವರ ಪಾಡು ನಿಮಗೂ ಗೊತ್ತಲ್ಲ, ಅಲ್ಲಿ ಬಿ ಫಾರಂ ಸಿಕ್ಕರೂ ಸಾಲದು, ಲಿಸ್ಟಲ್ಲಿ ಎಷ್ಟನೇ ನಂಬರು ಅನ್ನೋದೂ ಬೇಕು.

ಇನ್ನೊಂದು, ಅಲ್ಲಿ ಉಪಚುನಾವಣೆನೇ ಇಲ್ಲ, ಎಂಪಿ ರಾಜೀನಾಮೆ ಕೊಟ್ರೆ ಲಿಸ್ಟಲ್ಲಿ ಮುಂದಿನವರು ಬಂದು ಕೂರ್ತಾರೆ. ಆ ನಿಯಮ ನಮ್ಮಲ್ಲಿದ್ದಿದ್ರೆ 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದು ನಿಂತು ಗೆಲ್ಲೋ ಪ್ರಸಂಗವೇ ಬರ್ತಿರಲಿಲ್ಲ.

ಆದ್ರೂ ನಮ್ಮ ಪದ್ಧತಿನೇ ವಾಸಿ ಅನ್ನೋದನ್ನ ನಾನು ಒಪ್ಪಲ್ಲ. 2024ರಲ್ಲಿ ನಿಮ್ಮ ಹಾಸನ ಲೋಕಸಭೇಲಿ ಗೆದ್ದವರಿಗೆ 6,72,988 ಓಟು, ಎರಡನೇಯವರಿಗೆ 6,30,339. ಆರು ಲಕ್ಷಕ್ಕೂ ಮೇಲಿನ ಜನರ ಓಟು ಎಣಿಕೆ ಮುಗಿದ ಸಂಜೆಗೆ ಲೆಕ್ಕಕ್ಕೇ ಇಲ್ಲ. ಯಾರು ಗೆದ್ರು, ಯಾರು ಸೋತ್ರು ಅನ್ನೋದನ್ನ ಪಕ್ಕಕ್ಕಿಟ್ಟು ನೋಡಿ, ಉಲ್ಟಾ ಆಗಿದ್ರೂ ನಾನು ಇದೇ ಬರೀತಿದ್ದೆ. ನನಗೆ ಬೇಕಾಗಿರೋದು ಜಿಲ್ಲೆನೇ ಕ್ಷೇತ್ರ, ಐದರಿಂದ ಎಂಟು ಸೀಟು, ಮತ್ತೆ ಲಿಸ್ಟಲ್ಲಿ ಯಾರು ಅನ್ನೋದನ್ನ ಆರಿಸೋ ಹಕ್ಕು ಓಟು ಹಾಕೋರ ಕೈಲಿರಬೇಕು. ಇಂಥದ್ದು ಎಲ್ಲಾದ್ರೂ ಇದೆಯಾ ಅಂದ್ರೆ ಇದೆ, ಕೊನೇ ಪ್ರಶ್ನೇಲಿ ಹೇಳ್ತೀನಿ.

ಪ್ರಶ್ನೆ (ಅರಸೀಕೆರೆ): ಎಣಿಕೆ ಮುಗಿದು ರಿಸಲ್ಟ್ ಹೇಳಿದ ಮೇಲೂ ಅಲ್ಲಿ ಸೀಟು ಬದಲಾಯ್ತು ಅಂತ ಕೇಳಿದೆ. ಹೌದಾ?

ಉತ್ತರ: ಹೌದು. 2023ರಲ್ಲಿ ಆವತ್ತು ರಾತ್ರಿ ಪಿಪಿಗೆ 136, ಸೋಷಿಯಲಿಸ್ಟರಿಗೆ 122 ಇತ್ತು. ಹೊರದೇಶದಲ್ಲಿರೋ ಸ್ಪೇನ್‌ನವರ ಓಟನ್ನ ಕೆಲ ದಿನ ಬಿಟ್ಟು ಎಣಿಸ್ತಾರೆ, ಅದನ್ನ ಸೇರಿಸಿದಾಗ ಮ್ಯಾಡ್ರಿಡ್‌ನ ಕೊನೇ ಸೀಟು ಕೈ ಬದಲಾಯ್ತು, 137 ಮತ್ತೆ 121 ಆಯ್ತು. ಮೇಲಿನ ಲೆಕ್ಕದಲ್ಲಿ 1,20,000ಕ್ಕೂ 1,06,666ಕ್ಕೂ ಪೈಪೋಟಿ ಇತ್ತಲ್ಲ, ಅಂಥಾ ಕೊನೇ ಸೀಟಿಗೆ ಅಂತರ ಸಣ್ಣದಿದ್ರೆ ಹೀಗಾಗುತ್ತೆ.

ಪ್ರಶ್ನೆ (ಸಕಲೇಶಪುರ): ನಮ್ಮದು ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರ. ಲಿಸ್ಟ್ ಪದ್ಧತಿ ಬಂದ್ರೆ ಮೀಸಲಾತಿ ಹೋಗಲ್ವಾ?

ಉತ್ತರ: ಹೋಗಬಾರದು, ಹೋಗೋ ಅಗತ್ಯಾನೂ ಇಲ್ಲ. ಕ್ಷೇತ್ರಕ್ಕೆ ಇಡೋ ಬದಲು ಲಿಸ್ಟಿಗೇ ಇಡಬಹುದು. ನೇಪಾಳದಲ್ಲಿ 275 ಸೀಟಲ್ಲಿ 110ನ್ನ ಲಿಸ್ಟಿಂದ ತುಂಬ್ತಾರೆ, ಅದರಲ್ಲಿ ದಲಿತರು, ಆದಿವಾಸಿ ಜನಾಂಗದವರು, ಮಹಿಳೆಯರು ಇಷ್ಟಿರಬೇಕು ಅಂತ ನಿಯಮ ಇದೆ. ಸ್ಪೇನ್‌ನಲ್ಲಿ 2007ರಲ್ಲೇ ಲಿಸ್ಟಲ್ಲಿ ಗಂಡಸರಾಗಲಿ ಹೆಂಗಸರಾಗಲಿ 40 ಪರ್ಸೆಂಟಿಗಿಂತ ಕಮ್ಮಿ ಇರೋ ಹಾಗಿಲ್ಲ ಅಂತ ಕಾನೂನು ತಂದಿದ್ರು. ಆದ್ರೆ ಹೆಸರು ಲಿಸ್ಟಿನ ತಳದಲ್ಲಿ ಹಾಕಿ ಕೈ ತೊಳ್ಕೊಳ್ಳೋ ಹಾಗೆ ಆಗಬಾರದು, ಮೇಲಿನ ಸ್ಥಾನಗಳಲ್ಲೇ ಇರಬೇಕು ಅಂತ ಕಾನೂನಲ್ಲಿ ಗಟ್ಟಿಯಾಗಿ ಬರೀಬೇಕು.

ಪ್ರಶ್ನೆ (ಚಿಕ್ಕಮಗಳೂರು): ಇದೆಲ್ಲ ಯುರೋಪಿನ ಮಾತಾಯ್ತು. ನಮ್ಮಂಥ ದೇಶದಲ್ಲಿ ಜನಕ್ಕೆ ಅರ್ಥ ಆಗುತ್ತಾ?

ಉತ್ತರ: ಸಂವಿಧಾನ ಸಭೇಲಿ ಈ ಮಾತು ಬಂದಾಗ ಅಂಬೇಡ್ಕರ್ ಅವರೂ ಇದೇ ಅನುಮಾನ ಹೇಳಿದ್ರು, ಓದು ಬರಹ ಬಾರದವರು ಹೆಚ್ಚಿರೋ ದೇಶ, ಸರ್ಕಾರವೂ ಸ್ಥಿರವಾಗಿರಬೇಕು ಅಂತ. ಆ ಕಾಲಕ್ಕೆ ಅದು ತೂಕದ ಮಾತು. ಆದ್ರೆ ಪಕ್ಕದ ಶ್ರೀಲಂಕಾದಲ್ಲಿ 1989ರಿಂದ ಸಂಸತ್ ಚುನಾವಣೆ ಹೀಗೇ ನಡೀತಿದೆ, ನುವರ ಎಲಿಯದ ಟೀ ತೋಟದ ಕಾರ್ಮಿಕರೂ ಹೀಗೇ ಓಟು ಹಾಕ್ತಿದಾರೆ. 225 ಸೀಟಲ್ಲಿ 196 ಸೀಟು 22 ಚುನಾವಣಾ ಜಿಲ್ಲೆಗಳಿಂದ, 29 ರಾಷ್ಟ್ರೀಯ ಪಟ್ಟಿಯಿಂದ. ಜಿಲ್ಲೇಲಿ ಮೊದಲು ಬಂದ ಪಾರ್ಟಿಗೆ ಒಂದು ಬೋನಸ್ ಸೀಟು, 5 ಪರ್ಸೆಂಟ್ ದಾಟದವರು ಲೆಕ್ಕಕ್ಕಿಲ್ಲ. ಪಾರ್ಟಿಗೆ ಓಟು ಹಾಕಿದ ಮೇಲೆ ಅದೇ ಪಾರ್ಟಿಯ ಮೂರು ಜನರ ತನಕ ನಂಬರಿಗೆ ಗುರುತು ಹಾಕಬಹುದು, ಯಾರಿಗೆ ಹೆಚ್ಚು ಗುರುತು ಬಿತ್ತೋ ಅವರು ಸದನಕ್ಕೆ. ಹಾಸನದ ಓದುಗರಿಗೆ ಹೇಳ್ತೀನಿ ಅಂದಿದ್ದು ಇದನ್ನೇ. 2024ರ ನವೆಂಬರ್ 14ರ ಚುನಾವಣೇಲಿ ಎನ್‌ಪಿಪಿ ಅಂದ್ರೆ ನ್ಯಾಷನಲ್ ಪೀಪಲ್ಸ್ ಪವರ್ ಅನ್ನೋ ಕೂಟಕ್ಕೆ ಒಟ್ಟು 159 ಸೀಟು ಬಂತು, ಅಂಥಾ ಅಲೆಯಲ್ಲೂ ಜಾಫ್ನಾ ಜಿಲ್ಲೆಯ ಆರು ಸೀಟಲ್ಲಿ ಅವರಿಗೆ ಮೂರು, ಉಳಿದ ಮೂರು ಎರಡು ತಮಿಳು ಪಾರ್ಟಿಗೆ ಮತ್ತೆ ಒಂದು ಪಕ್ಷೇತರ ಗುಂಪಿಗೆ ಒಂದೊಂದು.