ಫ್ರೀಜರ್‌ನಿಂದ ತೆಗೆದ ಆಂಟಿಬಾಡಿ ಮಬ್ಬಾಗುತ್ತಿದ್ದರೆ

ಫ್ರೀಜ್ ಮಾಡಿ ಕರಗಿಸಿದಾಗಲೆಲ್ಲ ಆಂಟಿಬಾಡಿ ದ್ರಾವಣ ಮಬ್ಬಾಗುತ್ತಿದೆ ಅಂದ್ರಲ್ಲ, ನನ್ನ ಮೊದಲ ಅನುಮಾನ ನಿಮ್ಮ ಸೋಡಿಯಂ ಫಾಸ್ಫೇಟ್ ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಮೇಲೆ. ಹೆಪ್ಪುಗಟ್ಟುವಾಗ ಅದರ ಡೈಸೋಡಿಯಂ ಲವಣ ಮೊದಲು ಹರಳಾಗುತ್ತದೆ. ಉಳಿದ ದ್ರವದ ಪಿಎಚ್ 7ರಿಂದ 4ರ ಹತ್ತಿರಕ್ಕೂ ಇಳಿಯಬಹುದು. ಆಂಟಿಬಾಡಿ ಒಂದು ಪ್ರೋಟೀನ್, ಅದು ಅಲ್ಲೇ ಮುದ್ದೆಯಾಗುತ್ತದೆ. ಕರಗಿದ ಮೇಲೆ ಮೀಟರ್ ಮತ್ತೆ 7 ತೋರಿಸುತ್ತದೆ, ಅದನ್ನು ನಂಬಿ ಕೂರಬೇಡಿ.

ಮೊದಲು ಬಫರ್ ಬದಲಿಸಿ: 20 ಮಿಲಿಮೋಲಾರ್ ಹಿಸ್ಟಿಡಿನ್, ಪಿಎಚ್ 6. ಆಂಟಿಬಾಡಿಯ ಪಿಐ (ಅದರ ಒಟ್ಟು ವಿದ್ಯುದಾವೇಶ ಸೊನ್ನೆಯಾಗುವ ಪಿಎಚ್; ಅಲ್ಲಿ ಅದು ಸುಲಭವಾಗಿ ಮುದ್ದೆಯಾಗುತ್ತದೆ) ಕೂಡ 6ರ ಆಸುಪಾಸಿನಲ್ಲಿದ್ದರೆ ಮಾತ್ರ ಇದು ಬೇಡ. ಆಮೇಲೆ ಹೆಪ್ಪುಗಟ್ಟುವಾಗ ಪ್ರೋಟೀನನ್ನು ಕಾಪಾಡಲು ಶೇ 8ರಷ್ಟು ಸುಕ್ರೋಸ್ (ಸಕ್ಕರೆ) ಸೇರಿಸಿ. ಆಗಲೂ ಮಬ್ಬಾದರೆ ಪ್ರೋಟೀನ್ ಮಂಜುಗಡ್ಡೆಯ ಮೇಲ್ಮೈಗೆ ಅಂಟಿ ಕೆಡುತ್ತಿರಬಹುದು, ಅದನ್ನು ತಡೆಯಲು ಶೇ 0.02 ಪಾಲಿಸಾರ್ಬೇಟ್ 80 (ಸೋಪಿನಂಥ ಸರ್ಫ್ಯಾಕ್ಟಂಟ್) ಹಾಕಿ ನೋಡಿ. ಮೂರನ್ನೂ ಒಟ್ಟಿಗೆ ಸುರಿಯಬೇಡಿ, ಯಾವುದು ಕೆಲಸ ಮಾಡಿತು ಅಂತ ಗೊತ್ತಾಗಲ್ಲ. ಪ್ರತಿ ಸಲವೂ ಫ್ರೀಜ್‌ಗೆ ಮುಂಚಿನ ಮತ್ತು ನಂತರದ ಸ್ಯಾಂಪಲ್ ಎರಡನ್ನೂ ಸೈಜ್ ಎಕ್ಸ್‌ಕ್ಲೂಷನ್ ಕಾಲಮ್‌ಗೆ (ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಮುದ್ದೆಗಳನ್ನು ತೋರಿಸುತ್ತದೆ) ಹಾಕಿ ಹೋಲಿಸಿ.